ಪರೀಕ್ಷೆ ಮೇಷ್ಟ್ರ ಮನೆಯ ರ‍್ಯಾಮ್

ಅವರು ಜೀವಮಾನದಲ್ಲಿ ಒಂದು ದಿನವೂ ಪಾಠ ಹೇಳಿದವರಲ್ಲ. ಆದರೂ ಬೀದಿಗೆಲ್ಲ ಅವರು ಪರೀಕ್ಷೆ ಮೇಷ್ಟ್ರು. ಔಷಧಿ ಅಂಗಡಿಯ ಮಹಡಿಗೆ ಹೋಗುವ ಮೆಟ್ಟಿಲಿನ ಕೆಳಗೆ, ನೆಟ್ಟಗೆ ನಿಂತರೆ ತಲೆ ತಾಗುವ ಜಾಗದಲ್ಲಿ ಅವರ ಕಂಪ್ಯೂಟರ್ ರಿಪೇರಿ ಅಂಗಡಿ. ಇಪ್ಪತ್ತೆರಡು ವರ್ಷ ಅಲ್ಲಿ ಬಗ್ಗಿ ಬಗ್ಗಿ, ಬಯಲಲ್ಲಿ ನಿಂತಾಗಲೂ ಅವರ ಕತ್ತು ತುಸು ವಾಲಿಯೇ ಇರುತ್ತಿತ್ತು. ಹೊಸಬರು ಅದನ್ನು ವಿನಯವೆಂದು ತಿಳಿಯುತ್ತಿದ್ದರು.

ಹೆಸರು ಬಂದದ್ದು ಅವರ ಒಂದು ಹಟದಿಂದ. ರ‍್ಯಾಮ್ ಎಂಬ ಮೆಮೊರಿ ಪಟ್ಟಿಯ ಮೇಲೆ ಮೂರು ಸಾವಿರದ ಆರುನೂರು ಎಂದು ವೇಗ ಅಚ್ಚಾಗಿರುತ್ತದೆ. ಕೊಂಡವರು ಅದು ಅಷ್ಟೇ ಓಡುತ್ತದೆ ಎಂದು ನೆಮ್ಮದಿಯಾಗಿರುತ್ತಾರೆ. ಆದರೆ ಯಂತ್ರದಲ್ಲಿ ಕೂರಿಸಿದ ಹೊಸತರಲ್ಲಿ ಅದು ಎರಡು ಸಾವಿರದ ನೂರ ಮೂವತ್ತಮೂರರಲ್ಲೇ ಕಾಲೆಳೆಯುತ್ತಿರುತ್ತದೆ. ಕಂಪ್ಯೂಟರ್ ಪೂರ್ತಿ ಎಚ್ಚರಾಗುವ ಮೊದಲು ಸೆಟ್ಟಿಂಗ್ ಪರದೆಗೆ ಹೋಗಿ, ನಿನ್ನ ಹಣೆಯ ಮೇಲಿರುವಷ್ಟು ಓಡು ಎಂದು ಹೇಳಬೇಕು. ಉಳಿದ ಅಂಗಡಿಯವರು ಅಷ್ಟು ಹೇಳಿ ಕೈತೊಳೆದುಕೊಳ್ಳುತ್ತಿದ್ದರು. ಮೇಷ್ಟ್ರ ಕೆಲಸ ಅಲ್ಲಿಂದ ಶುರು. ಮೆಮೊರಿಯ ಮೂಲೆಮೂಲೆಯಲ್ಲೂ ಬರೆದು, ಬರೆದದ್ದನ್ನು ಓದಿಸಿ ಒಪ್ಪಿಸಿಕೊಳ್ಳುವ ಪರೀಕ್ಷೆಯನ್ನು ಅವರು ನಾಲ್ಕು ಸುತ್ತು ನಡೆಸುತ್ತಿದ್ದರು. ಅದಕ್ಕೆ ಇಡೀ ಹಗಲು ಬೇಕು. ಒಂದೇ ಒಂದು ತಪ್ಪು ಬಂದರೂ ಫೇಲು.

ಆನ್ ಆಗಿದೆಯಲ್ಲ, ಕೊಟ್ಟುಬಿಡಿ ಎಂದು ಗಿರಾಕಿಗಳು ಗೋಗರೆದರೆ, "ಆನ್ ಆಗೋದು ಬೇರೆ, ನೆಟ್ಟಗಿರೋದು ಬೇರೆ" ಎನ್ನುತ್ತಿದ್ದರು. ಆಮೇಲೆ ಬ್ರಹ್ಮ ಬಂದು ಕೇಳಿದರೂ ಕೊಡುತ್ತಿರಲಿಲ್ಲ.

ಇಂಥವರ ಮನೆಯಲ್ಲೇ, ಹೆಂಡತಿಯ ಕಂಪ್ಯೂಟರಿನಲ್ಲಿ, ರ‍್ಯಾಮ್ ಮೂರು ವರ್ಷದಿಂದ ಕಾಲೆಳೆಯುತ್ತಿತ್ತು. ಅದು ಮೇಷ್ಟ್ರಿಗೆ ಗೊತ್ತಿತ್ತು. ಹೆಂಡತಿಗೆ ಗೊತ್ತಿರಲಿಲ್ಲ.

ಆಕೆ ಇನ್ನೂ ಕಟ್ಟದ ಮನೆಗಳನ್ನು ಪರದೆಯ ಮೇಲೆ ಕಟ್ಟಿ, ಜನರನ್ನು ಅವುಗಳೊಳಗೆ ಓಡಾಡಿಸಿ ತೋರಿಸುವ ಕೆಲಸದವರು. ಮಲಗುವ ಕೋಣೆಯ ಕಿಟಕಿಯ ಪಕ್ಕದ ಮೇಜೇ ಅವರ ಕಚೇರಿ. ಆ ವಾರ ಅವರಿಗೆ ಮೊದಲ ಬಾರಿಗೆ ಮನೆಯಲ್ಲದ ಕೆಲಸ ಬಂದಿತ್ತು, ಒಂದು ಶಾಲೆಯ ಗ್ರಂಥಾಲಯ. ಶನಿವಾರ ಹನ್ನೊಂದಕ್ಕೆ ಸಮಿತಿಯವರ ಮುಂದೆ ಅದರೊಳಗೆ ನಡೆದು ತೋರಿಸಬೇಕು. ಮೆಚ್ಚಿದರೆ ಇಡೀ ಶಾಲೆಯ ಕಟ್ಟಡಗಳ ಕೆಲಸ ಅವರದೇ. ನಡುವೆ ಯಂತ್ರ ಮುಗ್ಗರಿಸಿದರೆ ಆ ಕೆಲಸ ಎತ್ತಿಕೊಳ್ಳಲು ದೊಡ್ಡ ಕಚೇರಿಯವರು ಹೊರಗೆ ಸಾಲುಗಟ್ಟಿ ನಿಂತಿದ್ದರು.

ಗುರುವಾರ ಬೆಳಿಗ್ಗೆ ಆಕೆಯ ತಮ್ಮ ಬಂದ. ಅರ್ಧ ಗಂಟೆ ಎಲ್ಲಿ ಕೂತರೂ ಆ ಮನೆಯ ಒಂದು ವಸ್ತುವನ್ನಾದರೂ ಬಿಚ್ಚಿ ನೋಡುವ ಕೈ ಅವನದು. ಅಕ್ಕ ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಸೆಟ್ಟಿಂಗ್ ಪರದೆಗೆ ಹೊಕ್ಕು ವೇಗವನ್ನು ಮೂರು ಸಾವಿರದ ಆರುನೂರಕ್ಕೆ ಏರಿಸಿ, ಏನೂ ಅರಿಯದವನಂತೆ ಕೂತಿದ್ದ.

"ಅಕ್ಕ, ಊರಿನ ರ‍್ಯಾಮನ್ನೆಲ್ಲ ಓಡಿಸೋ ಭಾವ ನಿನ್ನದಕ್ಕೆ ಮಾತ್ರ ಕಾಲಿಗೆ ಹಗ್ಗ ಕಟ್ಟಿದ್ರು ನೋಡು."

ಕೆಲಸಕ್ಕೆ ಕೂತ ಅಕ್ಕನಿಗೆ ಬೆರಗಾಯಿತು. ಗ್ರಂಥಾಲಯ ಬೆಣ್ಣೆಯಂತೆ ಜಾರುತ್ತಿತ್ತು. ಸಂಜೆಯೊಳಗೆ ವಾಚನಾಲಯದಲ್ಲಿ ನೂರಾ ಇಪ್ಪತ್ತು ಕುರ್ಚಿ ಕೂತವು. ಗಂಡ ಮನೆಗೆ ಬಂದಾಗ ಆಕೆ ತಿರುಗಿಯೂ ನೋಡದೆ, "ಮೂರು ವರ್ಷ ನನ್ನ ಎತ್ತಿನಗಾಡೀಲಿ ಕೂರಿಸಿದ್ರಲ್ಲ, ಕಾರಣ ಕೇಳಬಹುದಾ?" ಎಂದರು.

ಮೇಷ್ಟ್ರು ಪರದೆಯತ್ತ ಬಗ್ಗಿ ನೋಡಿದರು. ಹಳೆಯ ವೇಗಕ್ಕೇ ಇಳಿಸೋಣ, ಇಲ್ಲವೇ ಒಂದು ದಿನ ಪರೀಕ್ಷೆ ಮಾಡೋಣ ಎಂದು ತಡವರಿಸಿದರು. ಇನ್ನು ಇಳಿಸುವ ಮಾತೆತ್ತಿದರೆ ಅಡುಗೆಮನೆಗೂ ನೀವೇ ಹೋಗಿ ಎಂದರು ಹೆಂಡತಿ. ಭಾವಮೈದ ನಗುತ್ತ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ನಿಜ ಹೇಳಲು ಅದೇ ಸಮಯವಾಗಿತ್ತು. ಮೇಷ್ಟ್ರು ಹೇಳಲಿಲ್ಲ. ಬಾಯಿ ತೆರೆದವರು ಅನ್ನ ಬಡಿಸಿಕೊಂಡರು.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಪರದೆ ನೀಲಿಗಟ್ಟಿ ನಿಂತಿತು. ಮತ್ತೆ ಆನ್ ಮಾಡಿದರೆ ಗ್ರಂಥಾಲಯದ ಫೈಲ್ ತೆರೆಯಲೇ ಇಲ್ಲ, ಕೆಟ್ಟಿದೆ ಎಂದು ಒಂದು ಸಾಲು ಬಂತು. ಆಕೆ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಗಂಡನ ಮುಖವನ್ನೇ ನೋಡಿದರು.

ತಪ್ಪೊಪ್ಪಿಕೊಳ್ಳುವ ಧೈರ್ಯವನ್ನು ದೇವರು ಕೆಲವರಿಗೆ ತಡಮಾಡಿ ಕೊಡುತ್ತಾನೆ, ಆದರೆ ಕೊಡುತ್ತಾನೆ. ಮೇಷ್ಟ್ರು ಮಂಚದ ಅಂಚಿನಲ್ಲಿ ಕೂತು ಎಲ್ಲ ಹೇಳಿದರು. ಮೊದಲು ಆ ಯಂತ್ರದಲ್ಲಿ ಎರಡೇ ರ‍್ಯಾಮ್ ಇದ್ದವು, ಚೆನ್ನಾಗಿ ಓಡುತ್ತಿದ್ದವು. ಮರುವರ್ಷ ಅದೇ ಹೆಸರಿನ, ಅದೇ ವೇಗದ ಇನ್ನೊಂದು ಜೋಡಿ ತಂದು ಪಕ್ಕದಲ್ಲಿ ಕೂರಿಸಿದರು. ಜೋಡಿ ಜೋಡಿಯಾಗಿ ಬೇರೆಬೇರೆ ನಿಲ್ಲಿಸಿದರೆ ಎರಡೂ ಪಾಸು. ಒಟ್ಟಿಗೆ ನಿಲ್ಲಿಸಿದರೆ ಎರಡನೆಯ ಸುತ್ತಿಗೇ ಹದಿನಾಲ್ಕು ತಪ್ಪು. ಬೇರೆಬೇರೆ ಡಬ್ಬಿಯಲ್ಲಿ ಬಂದವನ್ನು ಬೆರೆಸಬೇಡಿ ಎಂದು ಗಿರಾಕಿಗಳಿಗೆ ಬುದ್ಧಿ ಹೇಳುತ್ತಿದ್ದವರು ಇವರೇ.

"ಓರಗಿತ್ತಿಯರನ್ನ ಒಂದೇ ಅಡುಗೆಮನೇಲಿ ಬಿಟ್ಟ ಹಾಗಾಯ್ತು" ಎಂದರು ಮೇಷ್ಟ್ರು. "ಮಾನ ಹೋಗುತ್ತೆ ಅಂತ ವೇಗ ಇಳಿಸಿ ಸುಮ್ನಾದೆ. ಯಾವ ವೇಗದಲ್ಲಿ ನಾಲ್ಕೂ ಹೊಂದ್ಕೊಳ್ತವೆ ಅಂತ ನೋಡೋಕೆ ಒಂದು ದಿನ ಬೇಕಿತ್ತು. ನೀನು ಯಂತ್ರ ಬಿಟ್ಟು ಏಳಲಿಲ್ಲ, ನಾನು ಕೇಳಲಿಲ್ಲ."

"ಊರಿಗೆಲ್ಲ ಫೇಲ್ ಅಂತೀರಿ. ನೀವು ಫೇಲಾಗಿದ್ದು ನನಗೆ ಹೇಳೋಕೆ ಮೂರು ವರ್ಷ ಬೇಕಾಯ್ತಾ?"

ಅವರ ಕತ್ತು ಇನ್ನಷ್ಟು ವಾಲಿತು. ಈ ಸಲ ಅದು ವಿನಯವೇ ಆಗಿತ್ತು.

ಬುಧವಾರದ ಪ್ರತಿ ಪೆನ್ ಡ್ರೈವಿನಲ್ಲಿ ಕ್ಷೇಮವಾಗಿತ್ತು. ಹೋದದ್ದು ಕುರ್ಚಿಗಳು. ಈಗಲೇ ಹಳೆಯ ವೇಗಕ್ಕಿಳಿಸಿ ಕೂತರೆ ಕುರ್ಚಿಗಳು ಮುಗಿದಾವು, ಆದರೆ ನಾಳೆ ಗ್ರಂಥಾಲಯ ತಡವರಿಸುತ್ತ ನಡೆದೀತು. ನಡುವಿನ ವೇಗಕ್ಕೆ, ಮೂರು ಸಾವಿರದ ಇನ್ನೂರಕ್ಕಿಟ್ಟು ಪರೀಕ್ಷೆ ಮಾಡಿ ಪಾಸಾದರೆ ನಾಳೆ ಸಲೀಸಾಗಿ ನಡೆದೀತು, ಆದರೆ ಹಗಲೆಲ್ಲ ಅದಕ್ಕೇ ಹೋದೀತು. ತೀರ್ಮಾನ ನಿನ್ನದು ಎಂದರು ಮೇಷ್ಟ್ರು. ಗಿರಾಕಿಯೊಬ್ಬರಿಗೆ ಅವರು ಹಾಗೆಂದದ್ದು ಅದೇ ಮೊದಲು.

"ನಾಲ್ಕು ಸುತ್ತೂ ಆಗಲಿ. ಮೂರಕ್ಕೆ ನಿಲ್ಲಿಸಿದ್ರೆ ನಾನು ಸುಮ್ನಿರಲ್ಲ" ಎಂದರು ಹೆಂಡತಿ.

ಅಂಗಡಿಗೆ ಬೀಗ ಬಿತ್ತು. ಹೆಂಡತಿ ಕುರ್ಚಿಗಳನ್ನು ಕಾಗದದ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿದರು. ಗಂಡ ಪರದೆಯ ಮೇಲೆ ತಪ್ಪಿನ ಲೆಕ್ಕ ತೋರಿಸುವ ಸೊನ್ನೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದರು. ಎರಡನೆಯ ಸುತ್ತಿನಲ್ಲಿ ಆಕೆ ಅನ್ನ ತಂದಿಟ್ಟರೂ ಅವರು ಮುಟ್ಟಲಿಲ್ಲ. ಆ ಸುತ್ತು ದಾಟಿದ ಮೇಲೆ ಎರಡು ಸಲ ಬಡಿಸಿಕೊಂಡರು. ನಾಲ್ಕೂವರೆಗೆ ನಾಲ್ಕನೆಯ ಸುತ್ತು ಮುಗಿಯಿತು. ತಪ್ಪು ಸೊನ್ನೆ. ಆಕೆ ಕಣ್ಣುಮುಚ್ಚಿ ಒಂದು ಗಳಿಗೆ ಕೈಮುಗಿದು, ಕುರ್ಚಿಯಿಂದ ಗಂಡನನ್ನು ಎಬ್ಬಿಸಿ ಕೆಲಸಕ್ಕೆ ಕೂತರು. ಮಲಗುವ ಹೊತ್ತಿಗೆ ಎಪ್ಪತ್ತು ಕುರ್ಚಿಗಳಷ್ಟೇ ಆಗಿದ್ದವು.

ಶನಿವಾರ ಮೇಷ್ಟ್ರು ಯಂತ್ರವನ್ನು ಎರಡು ದಿಂಬುಗಳ ನಡುವೆ ಮಗುವಿನಂತೆ ಇಟ್ಟುಕೊಂಡು ಶಾಲೆಗೆ ಒಯ್ದರು. ಹೆಂಡತಿ ಸಮಿತಿಯವರನ್ನು ಬಾಗಿಲಿನಿಂದ ಕಪಾಟುಗಳ ನಡುವೆ, ಮೆಟ್ಟಿಲು ಹತ್ತಿಸಿ, ವಾಚನಾಲಯದವರೆಗೆ ಕರೆದೊಯ್ದರು. ಕುರ್ಚಿ ಕಡಿಮೆಯಾದ ಕೋಣೆ ನೋಡಿ ಒಬ್ಬ ಸದಸ್ಯರು, ಮಕ್ಕಳಿಗೆ ಓಡಾಡಲು ಜಾಗ ಬಿಟ್ಟಿದ್ದೀರಿ, ಯಾರಿಗೂ ಹೊಳೆಯದ ಮಾತು ಎಂದರು. ಆಕೆ ಇಲ್ಲವೆನ್ನಲಿಲ್ಲ.

ಕೊನೆಗೆ ಅಧ್ಯಕ್ಷರು ಹಿಂದಿನ ಬೆಂಚಿನತ್ತ ತಿರುಗಿ, ತಮಗೆ ಹೇಗನ್ನಿಸಿತು ಎಂದು ಕೇಳಿದರು. ಯಂತ್ರದ ಡಬ್ಬಿಯಿಂದ ಕಣ್ಣು ಕದಲಿಸದೆ ಕೂತಿದ್ದ ಮೇಷ್ಟ್ರು ತಡಬಡಿಸಿ ಎದ್ದರು.

"ನಲವತ್ತು ನಿಮಿಷ ಸರ್. ಎಲ್ಲೂ ನಿಲ್ಲಲಿಲ್ಲ. ಬಿಸೀನೂ ಆಗಲಿಲ್ಲ."

ಕಟ್ಟಡದೊಳಗಿನ ಓಡಾಟ, ಗಾಳಿಯ ಬಗ್ಗೆ ಇಷ್ಟು ಗಮನವಿಟ್ಟು ಹೇಳಿದವರು ಇವರೊಬ್ಬರೇ ಎಂದು ಅಧ್ಯಕ್ಷರು ತಲೆದೂಗಿದರು. ಸೋಮವಾರ ಬಂದು ಉಳಿದ ಕಟ್ಟಡಗಳ ಅಳತೆ ತೆಗೆದುಕೊಳ್ಳಿ ಎಂದು ಆಕೆಗೆ ಹೇಳಿದರು. ಆಕೆ ನಗು ತಡೆಯಲು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ವೈರುಗಳನ್ನು ಸುತ್ತತೊಡಗಿದರು.