ಮೇಲಿನ ಪಟ್ಟಿಗಳ ಟಿಕಳಿ

ಬನ್ನಿ ಹಬ್ಬದ ಮರುದಿನ ಗೌರೀಶ ಗುಡ್ಡದ ಊರುಗಳಿಗೆ ಹೊರಡುತ್ತಾನೆಂಬುದು ಶಹಾಪುರದ ಅವನ ಓಣಿಗೆಲ್ಲ ಗೊತ್ತಿದ್ದ ಸಂಗತಿ. ಅಂದಿನಿಂದ ಹಾಲಿನವನು ಕೂಡ ಕೇಳದೆಯೇ ಅರ್ಧ ಲೀಟರು ಕಡಿಮೆ ಹಾಕುತ್ತಿದ್ದ.

ಕಣಕುಂಬಿಯಿಂದ ಹೆಮ್ಮಡಗಾದವರೆಗಿನ ಗುಡ್ಡಗಳಲ್ಲಿ ಊರಿಗೊಂದು ಭಜನಾ ಮಂಡಳಿ, ಮಂಡಳಿಗೊಂದು ಪೇಟಿ. ಪಟ್ಟಣದ ಅಂಗಡಿಗಳಲ್ಲಿ ಹಾರ್ಮೋನಿಯಂ ಎನ್ನುವುದಕ್ಕೆ ಅಲ್ಲಿ ಪೇಟಿ ಎಂದೇ ಹೆಸರು. ಮಳೆಗಾಲ ಮುಗಿಯುವ ಹೊತ್ತಿಗೆ ಈ ಪೇಟಿಗಳಿಗೆಲ್ಲ ಉಬ್ಬಸ ಹಿಡಿದಿರುತ್ತದೆ. ಮರ ಉಬ್ಬಿರುತ್ತದೆ, ತಿದಿಯ ಚರ್ಮ ಬಿರುಸಾಗಿರುತ್ತದೆ, ಒಳಗಿನ ಹಿತ್ತಾಳೆಯ ನಾಲಿಗೆಗಳ ಮೇಲೆ ಹಸಿರು ಕಿಲುಬು ಕುಳಿತಿರುತ್ತದೆ. ಕಾರ್ತಿಕದ ಭಜನೆ ಶುರುವಾಗುವುದರೊಳಗೆ ಅವುಗಳಿಗೆ ಮತ್ತೆ ದನಿ ಬರಿಸಬೇಕು. ಬೆಳಗಾವಿಗೆ ತಂದು ರಿಪೇರಿ ಮಾಡಿಸಿಕೊಂಡು ಹೋದರೆ ವಾಪಸು ದಾರಿಯ ಕುಲುಕಾಟಕ್ಕೆ ಮಾಡಿದ್ದೆಲ್ಲ ಸಡಿಲವಾಗುತ್ತದೆ. ಆದ್ದರಿಂದ ಮೋಟರ್‌ಸೈಕಲ್ಲಿನ ಬಾಜುವಿಗೆ ಹತ್ಯಾರದ ಚೀಲ ಕಟ್ಟಿಕೊಂಡು ಗೌರೀಶನೇ ಹೋಗುತ್ತಿದ್ದ.

ಅವನು ಮೂಲತಃ ಪಾರಿಶ್ವಾಡದ ರೈತರ ಮನೆಯವನು. ಬಿ.ಎ. ಓದಲು ಬೆಳಗಾವಿಗೆ ಬಂದು, ಬಾಡಿಗೆಗೆ ಹಿಡಿದ ಖೋಲಿಯ ಕೆಳಗಿನ ಪೇಟಿ ರಿಪೇರಿಯ ಅಂಗಡಿಯಲ್ಲಿ ಸಂಜೆ ಹೊತ್ತು ಕೂರುವುದನ್ನು ರೂಢಿ ಮಾಡಿಕೊಂಡ. ಪದವಿ ಬಂದಾಗ ನೌಕರಿ ಹುಡುಕುವ ಬದಲು ಅದೇ ಅಂಗಡಿಯಲ್ಲಿ ಉಳಿದ. ಗುರು ತೀರಿಕೊಂಡ ಮೇಲೆ ಅಂಗಡಿಯೂ ಗುಡ್ಡದ ಊರುಗಳೂ ಅವನ ಪಾಲಿಗೆ ಬಂದವು. ಊರ ಗುಡಿಯ ಗಂಟೆ ಬಾರಿಸಿ, ಅದರ ನಾದಕ್ಕೆ ಪೇಟಿಯ ಷಡ್ಜವನ್ನು ಹೊಂದಿಸುವ ಗುರುವಿನ ಪದ್ಧತಿಯೂ ಜೊತೆಗೆ ಬಂತು. ಆರತಿಯ ವೇಳೆ ಗಂಟೆ, ಪೇಟಿ ಎರಡೂ ಒಟ್ಟಿಗೆ ನುಡಿಯಬೇಕಲ್ಲ. ಹೀಗಾಗಿ ಒಂದೊಂದು ಊರಿನ ಷಡ್ಜವೂ ಬೇರೆ ಬೇರೆ. ಮೊಬೈಲಿನ ಶ್ರುತಿ ತೋರಿಸುವ ಆ್ಯಪು ಆ ಊರುಗಳನ್ನೆಲ್ಲ ಸಾರಾಸಗಟಾಗಿ ತಪ್ಪೆನ್ನುತ್ತಿತ್ತು.

ಆ್ಯಪನ್ನು ಅವನು ಗುಟ್ಟಾಗಿ ಪ್ರಯತ್ನಿಸಿ ನೋಡಿದ್ದಕ್ಕೆ ಕಾರಣವಿತ್ತು. ಎರಡು ವರ್ಷಗಳಿಂದ ಪೇಟಿಯ ಬಲತುದಿಯ ಪಟ್ಟಿಗಳು, ಅಂದರೆ ಅತಿ ಎತ್ತರದ ಸ್ವರಗಳು, ಅವನ ಕಿವಿಗೆ ಸರಿಯಾಗಿ ದಕ್ಕುತ್ತಿರಲಿಲ್ಲ. ಸ್ವರ ಕೇಳುತ್ತಿತ್ತು, ಅದು ಕೂದಲೆಳೆಯಷ್ಟು ಮೇಲಿದೆಯೋ ಕೆಳಗಿದೆಯೋ ತಿಳಿಯುತ್ತಿರಲಿಲ್ಲ. ಆ ನಾಲ್ಕಾರು ಪಟ್ಟಿಗಳನ್ನು ಅವನು ಕೈಯ ಅಂದಾಜಿನಲ್ಲಿ ಹೊಂದಿಸಿ ಬರುತ್ತಿದ್ದ. ಈವರೆಗೆ ಯಾರೂ ದೂರು ಹೇಳಿರಲಿಲ್ಲ. ಒಬ್ಬರಾದರೂ ಹೇಳಿದ ದಿನ ಗುಡ್ಡದ ತಿರುಗಾಟ ನಿಲ್ಲಿಸಿಬಿಡುವುದೆಂದು ಅವನು ತನ್ನಷ್ಟಕ್ಕೆ ತಾನೇ ನಿಶ್ಚಯಿಸಿಕೊಂಡಿದ್ದ. ಆ ತಿರುಗಾಟವಿಲ್ಲದ ವರ್ಷವೊಂದನ್ನು ಕಲ್ಪಿಸಿಕೊಳ್ಳುವುದು ಮಾತ್ರ ಅವನಿಂದಾಗಿರಲಿಲ್ಲ.

ಇಂಥ ಹೊತ್ತಿನಲ್ಲಿ ಅವನ ಹೆಂಡತಿ ದಾನೇಶ್ವರಿ ತಾನೂ ಬರುವುದಾಗಿ ಹೇಳಿದಳು. ಮದುವೆಯಾದಾಗಿನಿಂದ ಬುತ್ತಿ ಕಟ್ಟಿಕೊಟ್ಟದ್ದೇ ಆಯಿತು, ಮಲಪ್ರಭೆ ಹುಟ್ಟುವ ಜಾಗವನ್ನು ಒಮ್ಮೆಯೂ ನೋಡಲಿಲ್ಲ ಎಂಬುದು ಅವಳು ಕೊಟ್ಟ ಕಾರಣ. ಅವಳು ಓಣಿಯ ಅಕ್ಕನ ಬಳಗದಲ್ಲಿ ವಚನ ಹಾಡುವವಳು; ಯಾರದಾದರೂ ಶ್ರುತಿ ಜಾರಿದರೆ ಹಾಡು ನಿಲ್ಲಿಸದೆ ಹುಬ್ಬು ಮಾತ್ರ ಏರಿಸುವವಳು. ಆ ಹುಬ್ಬನ್ನು ನೆನೆದು ಗೌರೀಶ ರಸ್ತೆ ಕೆಟ್ಟಿದೆಯೆಂದ, ಇಂಬಳಗಳಿವೆಯೆಂದ, ಕಾಡುಕೋಣ ಅಡ್ಡ ಬರುತ್ತದೆಂದ. ದಾನೇಶ್ವರಿ ಎಲ್ಲವನ್ನೂ ಕೇಳಿಸಿಕೊಂಡು, ಗುರೆಳ್ಳು ಚಟ್ನಿಯನ್ನು ಎರಡರಷ್ಟು ಕುಟ್ಟಿದಳು.

ಹೊರಟ ಬೆಳಿಗ್ಗೆ ಊರು ದಾಟುವಷ್ಟರಲ್ಲೇ ತೊಡಕು ಬಂತು. ಹೆಲ್ಮೆಟ್ಟು ಹಾಕಿ ಗಾಡಿ ಹೊಡೆಯುವವನಿಗೆ ಹಿಂದಿನವಳ ಒಂದು ಮಾತೂ ಕೇಳುತ್ತಿರಲಿಲ್ಲ. ಪೀರನವಾಡಿಯಲ್ಲಿ ಚಹಾಕ್ಕೆ ನಿಂತಾಗ ದಾನೇಶ್ವರಿ ಕಾಯಿದೆ ಮಾಡಿದಳು.

“ಬಲಗಡಿ ಹೆಗಲ ತಟ್ಟಿದರ ಜೋರ್ ಬಿಡ್ರಿ. ಎಡಗಡಿ ತಟ್ಟಿದರ ಸಾವಕಾಶ. ಎರಡೂ ಹೆಗಲ ಒತ್ತಿ ಹಿಡದೆ ಅಂದರ ನಿಂದರ್ರಿ.”

“ನಾ ಏನ್ ನಿನ್ನ ಎತ್ತೇನು?”

“ಎತ್ತಿಗೆ ಇಷ್ಟೆಲ್ಲಾ ಬಿಡಿಸಿ ಹೇಳಬೇಕಾಗೂದಿಲ್ರಿ” ಎಂದು ಅವಳು ಬಶಿಗೆ ಚಹಾ ಸುರುವಿಕೊಂಡಳು.

ಜಾಂಬೋಟಿ ದಾಟಿದ ಮೇಲೆ ಗುಡ್ಡದ ಗಾಳಿ ಬೀಸಿತು. ಇಳಿಜಾರಿನ ಹೊಲಗಳಲ್ಲಿ ಗುರೆಳ್ಳು ಹಳದಿಯಾಗಿ ಅರಳಿತ್ತು; ತಗ್ಗಿನ ಗದ್ದೆಗಳಲ್ಲಿ ಭತ್ತ ಬಾಗತೊಡಗಿತ್ತು. ತಿರುವುಗಳಲ್ಲಿ ಎಡಗಡೆಯ ಹೆಗಲಿಗೆ ಮೇಲಿಂದ ಮೇಲೆ ಪೆಟ್ಟು ಬಿತ್ತು. ಕಣಕುಂಬಿಯಲ್ಲಿ ದಾನೇಶ್ವರಿ ನದಿಯ ಮೂಲಕ್ಕೆ ಕೈ ಮುಗಿದು, ಇಷ್ಟು ಸಣ್ಣ ನೀರು ನಮ್ಮ ಪಾರಿಶ್ವಾಡದ ಹತ್ತಿರ ಬರುವಷ್ಟರಲ್ಲಿ ಎಷ್ಟು ಗತ್ತು ಮಾಡುತ್ತದಲ್ಲ ಎಂದು ನಕ್ಕಳು.

ಅಲ್ಲಿಂದ ಆಚೆಯ ವಾಡಿಯಲ್ಲಿ ಮೊದಲ ಪೇಟಿ. ಅದನ್ನು ನುಡಿಸುವ ಹಣಮಪ್ಪ ಮರಾಠಿ, ಕನ್ನಡ ಎರಡನ್ನೂ ಒಂದೇ ವಾಕ್ಯದಲ್ಲಿ ಆಡಬಲ್ಲ ಹಿರಿಯ. ಪೇಟಿಯ ಮೇಲಿನ ಬಟ್ಟೆ ತೆಗೆದಾಗ ಬಲತುದಿಯ ನಾಲ್ಕು ಪಟ್ಟಿಗಳ ಮೇಲೆ ಒಂದೊಂದು ಕೆಂಪು ಟಿಕಳಿ ಅಂಟಿಸಿದ್ದು ಕಂಡಿತು, ಹೆಣ್ಣುಮಕ್ಕಳು ಹಣೆಗೆ ಹಚ್ಚಿಕೊಳ್ಳುವಂಥದು. ಗೌರೀಶನಿಗೆ ಮನಸ್ಸು ತುಂಬಿ ಬಂತು. ಹಬ್ಬದ ಮುನ್ನಾದಿನ ಖಂಡೆ ಪೂಜೆಯಲ್ಲಿ ಕುಡಗೋಲು, ಕೊಡಲಿ, ಟ್ರ್ಯಾಕ್ಟರುಗಳಿಗೆ ಕುಂಕುಮ ಬೀಳುವುದನ್ನು ಅವನು ಬಲ್ಲ. ಈ ಜನ ಪೇಟಿಯನ್ನೂ ಬಿಟ್ಟಿಲ್ಲವಲ್ಲ ಎಂದು ಅವನು ಟಿಕಳಿಗಳಿಗೆ ಕೈ ಮುಗಿದೇ ಕೆಲಸಕ್ಕೆ ಕುಳಿತ.

ಉಳಿದೆಲ್ಲ ಸ್ವರಗಳು ಸಂಜೆಯೊಳಗೆ ಹೊಂದಿದವು. ತುದಿಯ ಪಟ್ಟಿಗಳಿಗೆ ಬಂದಾಗ ಹಣಮಪ್ಪ ತುಸು ಮುಜುಗರದಿಂದ, ಅವನ್ನು ಹಾಗೆಯೇ ಬಿಡಿ ಮಾಸ್ತರ, ಇರಲಿ ಎಂದ. ಪೂಜೆಯ ಗುರುತು ಕಿತ್ತೀತೆಂಬ ಆತಂಕ ಎಂದು ಗೌರೀಶ ಅರ್ಥ ಮಾಡಿಕೊಂಡು, ಟಿಕಳಿಗೆ ಧಕ್ಕೆಯಾಗದಂತೆ ಎಂದಿನ ಅಂದಾಜಿನಲ್ಲಿ ಕೈಯಾಡಿಸಿ ಮುಗಿಸಿದ. ಕಂಬಕ್ಕೆ ಒರಗಿ ಕುಳಿತಿದ್ದ ದಾನೇಶ್ವರಿಯ ಹುಬ್ಬು ಏರಿತೋ ಇಲ್ಲವೋ ಎಂದು ನೋಡುವ ಧೈರ್ಯ ಅವನಿಗೆ ಬರಲಿಲ್ಲ.

ಮುಂದಿನ ಊರುಗಳಲ್ಲೂ ಹೀಗೇ. ಒಂದು ಕಡೆ ಟಿಕಳಿ ಇರಲಿಲ್ಲ, ಆದರೆ ಅದೇ ಪಟ್ಟಿಗಳಿಗೆ ಅರಿಸಿನ ಹಚ್ಚಿತ್ತು. ಖಂಡೆ ಪೂಜೆಯ ಭಕ್ತಿ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆಯೆಂದು ಗೌರೀಶ ಹೇಳಿದ. ಪೂಜೆಯೆಂದರೆ ಇಡೀ ಪೇಟಿಗೆ ಮಾಡಬೇಕಲ್ಲ, ನೆಟ್ಟಗೆ ಮೂಲೆಯ ಪಟ್ಟಿಗಳಿಗೇ ಯಾಕೆ ಎಂದು ದಾನೇಶ್ವರಿ ಕೇಳಿದ್ದಕ್ಕೆ, ಗುಡ್ಡದವರ ಪದ್ಧತಿ ಹಾಗಿರಬೇಕು ಎಂದುಬಿಟ್ಟ.

ಖಾನಾಪುರಕ್ಕೆ ಇಳಿದು, ಪೆಟ್ರೋಲು ತುಂಬಿಸಿ, ಹೆಮ್ಮಡಗಾದ ಕಾಡಿನ ರಸ್ತೆ ಹಿಡಿದರು. ಡಾಂಬರು ಮುಗಿದಲ್ಲಿ ಕೆಮ್ಮಣ್ಣು, ಕೆಮ್ಮಣ್ಣು ಮುಗಿದಲ್ಲಿ ಹಳ್ಳ. ಹಳ್ಳದ ನಡುವೆ ಗಾಡಿ ನಿಂತುಹೋದಾಗ ದಾನೇಶ್ವರಿ ಸೀರೆ ಎತ್ತಿ ಕಟ್ಟಿ ಹಿಂದಿನಿಂದ ನೂಕಿದಳು. ದಡ ಸೇರಿದ ಮೇಲೆ ಅಭ್ಯಾಸಬಲದಿಂದ ಬಲಹೆಗಲು ತಟ್ಟಿದಳು. ಇಂಜಿನ್ನೂ ಅದನ್ನು ಕೇಳಿಸಿಕೊಂಡಂತೆ ಹೊತ್ತಿಕೊಂಡಿತು.

ಕಾಡಿನ ಒಳಗಿನ ಆ ವಾಡಿಯಲ್ಲಿ ಹೆಚ್ಚಿನವರು ಎಮ್ಮೆ ಕಾಯುವ ಗೌಳಿಗಳು. ಪೇಟಿ ನುಡಿಸುವವನು ಸಿದರಾಯ. ಭಜನೆಗೆ ಮುಂದಾಳಾಗಿ ದನಿ ಎತ್ತುವವಳು ಅವನ ಅಕ್ಕ ಕಾಡವ್ವ. ಅವಳದು ಗಂಡಸರಿಗೂ ಇಲ್ಲದಷ್ಟು ಮಂದ್ರದ ದನಿ. ಬಂದವರಿಗೆ ಮಜ್ಜಿಗೆ ಕೊಟ್ಟು, ದಾನೇಶ್ವರಿಯನ್ನು ವೈನಿ ಎಂದು ಕರೆದು, ಎಮ್ಮೆ ತೋರಿಸಲು ಹಿತ್ತಿಲಿಗೆ ಕರೆದೊಯ್ದಳು.

ಗೌರೀಶ ಗುಡಿಯ ಕಟ್ಟೆಯ ಮೇಲೆ ಪೇಟಿ ಬಿಚ್ಚಿದ. ಮತ್ತೆ ಟಿಕಳಿ, ಈ ಸಲ ಹಸಿರು. ಉಳಿದ ಸ್ವರಗಳನ್ನೆಲ್ಲ ಹೊಂದಿಸಿ, ಟಿಕಳಿಗಳಿಗೆ ಕೈ ಮುಗಿಯಲು ಹೊರಟಾಗ ಗೋಡೆಯಾಚೆಯಿಂದ ಮಾತು ಕೇಳಿಸಿತು. ಆ ಟಿಕಳಿ ಯಾವ ದೇವರ ಹೆಸರಿನದು ಎಂದು ದಾನೇಶ್ವರಿ ವಿಚಾರಿಸುತ್ತಿದ್ದಳು.

“ದೇವರದ್ಯಾವುದೂ ಅಲ್ಲ ವೈನಿ, ನನ್ನ ಟಿಕಳಿ ಅವು” ಎಂದಿತು ಕಾಡವ್ವನ ದನಿ. “ಅಲ್ಲಿ ದನಿ ಸೊಟ್ಟ ಆಗೇತಿ. ಭಜನಿ ರಂಗಕ್ಕ ಬಂದಾಗ ಸಿದರಾಯನ ಬಟ್ಟು ಅತ್ತಾಗ ಓಡ್ತಾವು. ಟಿಕಳಿ ಕಂಡರ ಹಿಂದ ಸರೀತಾನ. ಕಣಕುಂಬಿ ಕಡಿಯವರು ಹಂಗ ಮಾಡ್ಯಾರಂತ ಕೇಳಿ ನಾವೂ ಹಚ್ಚಿದಿವಿ.”

“ಮತ್ತ ಅವರ ಮುಂದ ಯಾಕ ಹೇಳಲಿಲ್ಲವ್ವಾ?”

“ಹೆಂಗ ಹೇಳೂದು? ಹಳ್ಳದಾಗ ಗಾಡಿ ನೂಕ್ಕೋತ ನಮ್ಮ ಪೇಟಿ ಸಲುವಾಗಿ ಬರತಾರ. ಹೇಳಿದಿವಿ ಅಂದರ ಮುಂದಿನ ವರ್ಷ ಬರೂದ ಬಿಟ್ಟಗಿಟ್ಟಾರು. ನಾಕ ಪಟ್ಟಿ ಇಲ್ಲದಿದ್ರೂ ಭಜನಿ ಆಕ್ಕೈತಿ.”

ದಾನೇಶ್ವರಿಯ ಪ್ರಶ್ನೆಗಳು ಗೋಡೆ ದಾಟಿ ಅವನ ಕಿವಿಗೆ ಅರ್ಧಂಬರ್ಧ ಮುಟ್ಟಿದ್ದವು. ಕಾಡವ್ವನ ಮಂದ್ರದ ಮಾತು ಒಂದಕ್ಷರ ಬಿಡದೆ ಮುಟ್ಟಿತು. ಗೌರೀಶ ಹಿತ್ತಾಳೆ ಕೆರೆಯುವ ಅರಗೋಲನ್ನು ಚೀಲಕ್ಕೆ ಹಾಕಿದ. ಆಮೇಲೆ ಸಣ್ಣ ತಿರುಪುಳಿ, ಚರ್ಮದ ತುಂಡು, ಅಂಟಿನ ಡಬ್ಬಿ. ಕಿತ್ತಳೆ ಬಣ್ಣದ ಬಿಸಿಲು ಕಟ್ಟೆಯಿಂದ ಜಾರುತ್ತಿತ್ತು. ದೂರು ಬಂದ ದಿನ ನಿಲ್ಲಿಸುವುದೆಂದು ಎರಡು ವರ್ಷದ ಹಿಂದೆಯೇ ತೀರ್ಮಾನವಾಗಿತ್ತು. ದೂರು ಎಂದೋ ಬಂದಿತ್ತು, ಅವನು ಅದಕ್ಕೆ ಕೈ ಮುಗಿಯುತ್ತ ಊರೂರು ತಿರುಗಿದ್ದ.

ಹಿತ್ತಿಲಿನಿಂದ ಬಂದ ದಾನೇಶ್ವರಿ ಕಟ್ಟಿದ ಚೀಲವನ್ನು ನೋಡಿದಳು, ಅವನ ಮುಖವನ್ನೂ ನೋಡಿದಳು. ಹೊರಡೋಣ ಎಂದ ಅವನು. ಪೇಟಿ ಬಿಚ್ಚಿಟ್ಟು ಹೊರಡುವುದು ಯಾವ ಪದ್ಧತಿ ಎಂದು ಕೇಳಿದಳು ಅವಳು.

“ನನಗ ಮ್ಯಾಲಿನ ದನಿ ತಿಳಿವಲ್ದು” ಎಂದ ಗೌರೀಶ. ಇಷ್ಟು ಸಣ್ಣ ಮಾತನ್ನು ಹೇಳಲು ಇಷ್ಟು ದೂರ ಬರಬೇಕಾಗಿತ್ತೆಂಬುದು ಅವನಿಗೇ ಸೋಜಿಗವಾಯಿತು.

“ಗೊತ್ತೈತ್ರಿ. ಬಟ್ಟಿ ಒಗಿಯೂ ಮಶೀನ ಕೆಲಸ ಮುಗದು ಪೀಪೀ ಅಂತ ಒದರಿದ್ರೂ ನೀವು ಬಾಜುಕ ಕುಂತು ಪೇಪರ ಓದತಿರ್ತೀರಿ. ಬರೇ ಮಲಪ್ರಭಾ ನೋಡಾಕ ನನ್ನ ಬೆನ್ನು ಇಷ್ಟು ಕುಲಕಿಸಿಕೊಂಡ ಬಂದೆ ಅಂತ ತಿಳದೀರೇನು?”

ಹೀಗೆಂದು ಅವಳು ಅವನ ಹಿಂದೆ, ಗಾಡಿಯ ಮೇಲೆ ಕುಳಿತಂತೆಯೇ ಕುಳಿತಳು. ಗುಡಿಯ ಗಂಟೆ ಬಾರಿಸಲು, ಹಿಂದೆಯೇ ಬಂದ ಕಾಡವ್ವನಿಗೆ ಹೇಳಿದಳು. ಸಿದರಾಯ ಏನೂ ತಿಳಿಯದವನಂತೆ ತಿದಿ ಒತ್ತಿ, ಹಸಿರು ಟಿಕಳಿಯ ಮೊದಲ ಪಟ್ಟಿಯನ್ನು ನುಡಿಸಿದ. ಗೌರೀಶನ ಬಲಹೆಗಲಿನ ಮೇಲೆ ಪೆಟ್ಟು ಬಿತ್ತು.

ಅವನ ಕೈ ತಾನಾಗಿ ಚೀಲಕ್ಕೆ ಹೋಯಿತು. ಸ್ವರ ಏರಬೇಕಾದರೆ ಹಿತ್ತಾಳೆಯ ನಾಲಿಗೆಯನ್ನು ತುದಿಯಲ್ಲಿ ಕೆರೆಯಬೇಕು, ಇಳಿಯಬೇಕಾದರೆ ಬುಡದಲ್ಲಿ. ಎಷ್ಟು ಕೆರೆಯಬೇಕೆಂಬುದನ್ನು ಕೈ ಮರೆತಿರಲಿಲ್ಲ. ಯಾವ ಕಡೆ ಎಂಬುದಷ್ಟೇ ತಿಳಿಯಬೇಕಿತ್ತು. ತುದಿಯಲ್ಲಿ ಎರಡು ಗೀರು. ಮತ್ತೆ ಬಲಹೆಗಲು. ಇನ್ನೊಂದು ಗೀರು. ಎಡಹೆಗಲು, ಹಗುರಾಗಿ. ಬುಡದಲ್ಲಿ ಮುಟ್ಟಿಯೂ ಮುಟ್ಟದಂತೆ ಒಂದು. ಎರಡೂ ಹೆಗಲುಗಳ ಮೇಲೆ ಅಂಗೈ ಒತ್ತಿ ನಿಂತಾಗ ಅವನು ಅರಗೋಲನ್ನು ಎತ್ತಿದ. ಮುಂದಿನ ಪಟ್ಟಿಯಲ್ಲಿ ಅವಳೇ ತಪ್ಪಿ, ಎಡ ಬಲ ಅದಲುಬದಲಾಗಿ, ಅಯ್ಯ ಅಲ್ಲ ಅಲ್ಲ ಎಂದು ಬೆನ್ನಿಗೇ ಗುದ್ದಿದಳು. ಕಟ್ಟೆಯ ಸುತ್ತ ನೆರೆದವರು ನಕ್ಕರು. ಕೊನೆಗೆ ಗೌರೀಶನೂ ನಕ್ಕ.

ದೀಪ ಹಚ್ಚುವ ಹೊತ್ತಿಗೆ ಸಿದರಾಯ ನುಡಿಸಲು ಕುಳಿತ. ಕೆಳಗಿನ ಸ್ವರಗಳಲ್ಲಿ ಬಹಳ ಹೊತ್ತು ಸುಳಿದಾಡಿ, ಆಮೇಲೆ ಹಳ್ಳ ದಾಟುವವನಂತೆ ಹೆದರುತ್ತ ಬಲಕ್ಕೆ ಸರಿದ. ಅಲ್ಲೇ ನಿಂತ. ಮತ್ತೊಮ್ಮೆ ಹೋಗಿ ನೋಡಿದ. ಮೂರನೆಯ ಸಲಕ್ಕೆ ಅಕ್ಕನ ಕಡೆ ತಿರುಗದೆಯೇ ಓಡಿದ. ಕಾಡವ್ವ ಒಂದೊಂದೇ ಟಿಕಳಿಯನ್ನು ಉಗುರಿನಿಂದ ಎಬ್ಬಿಸಿ, ಎಸೆಯಲು ಮನಸ್ಸು ಬಾರದೆ, ಮೋಟರ್‌ಸೈಕಲ್ಲಿನ ಕನ್ನಡಿಯ ಅಂಚಿಗೆ ಅಂಟಿಸಿದಳು. ಮುಂದಿನ ವರ್ಷ ವೈನಿಯನ್ನು ಬಿಟ್ಟು ಬಂದರೆ ಮಜ್ಜಿಗೆ ಸಿಗುವುದಿಲ್ಲವೆಂದೂ ಗೌರೀಶನಿಗೆ ತಿಳಿಸಿದಳು.

ಮರುದಿನ ಖಾನಾಪುರದಲ್ಲಿ ಚಹಾ ಕುಡಿದು ಹೊರಟರು. ಹಲಸಿಯಲ್ಲಿ ಎರಡು ಪೇಟಿಗಳು ಕಾಯುತ್ತಿದ್ದವು. ಅವನ್ನು ಮುಗಿಸಿ ಪಾರಿಶ್ವಾಡದಲ್ಲಿ ಅಣ್ಣನ ಮನೆಯ ಊಟ ಎಂಬುದು ಎಂದಿನ ಕ್ರಮ. ಆದರೆ ಗೌರೀಶ ನಂದಗಡದ ಕಡೆ ತಿರುಗದೆ ಜಾಂಬೋಟಿಯ ರಸ್ತೆ ಹಿಡಿದ. ಎರಡೂ ಹೆಗಲುಗಳ ಮೇಲೆ ಕೈ ಬಲವಾಗಿ ಒತ್ತಿತು. ಅವನು ಗಾಡಿಯನ್ನು ಬಾಜುವಿಗೆ ನಿಲ್ಲಿಸಿ ಹೆಲ್ಮೆಟ್ಟಿನ ಗಾಜು ಏರಿಸಿದ.

“ಎತ್ತಾಗ ಹೊಂಟ್ರಿ? ಹಲಸಿ ಆ ಕಡಿ ಅಲ್ಲೇನು?”

“ಹಲಸಿ ನಾಳಿಗಿ. ಮೊದಲ ಹಣಮಪ್ಪನ ಪೇಟಿ. ಹಾದಿಮ್ಯಾಲ ಆ ಅರಿಸಿನ ಹಚ್ಚಿದ ಪೇಟಿನೂ ಐತಿ.”

ದಾನೇಶ್ವರಿ ಚಟ್ನಿ ಇನ್ನೂ ಉಳಿದಿದೆಯೇ ಎಂದು ಚೀಲ ಮುಟ್ಟಿ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಸರಿಯಾಗಿ ಕುಳಿತು ಬಲಹೆಗಲು ತಟ್ಟಿದಳು, ಮತ್ತೊಮ್ಮೆ ತಟ್ಟಿದಳು. ಗೌರೀಶ ಜೋರು ಬಿಡಲಿಲ್ಲ. ಮುಂದೆ ರಸ್ತೆ ತುಂಬ ಎಮ್ಮೆಗಳಿದ್ದವು, ಅವು ಯಾರ ಹೆಗಲಿನ ಕಾಯಿದೆಗೂ ಸರಿಯುವಂತಿರಲಿಲ್ಲ.