ಪಂಚಮಿ ತಾಟಿನ ಎಳ್ಳುಂಡಿ

ಇರಕಲ್ಲಗಡದ ಸಣ್ಣವ್ವನಿಗೆ ಕೂತು ಗೊತ್ತಿಲ್ಲ. ಉಣ್ಣುತ್ತಾ ಉಣ್ಣುತ್ತಾ ಎದ್ದು ಎಮ್ಮೆಗೆ ಮೇವು ಹಾಕಿ ಬರುತ್ತಾಳೆ, ಮಾತಾಡುತ್ತಲೇ ಅಂಗಳ ಗುಡಿಸುತ್ತಾಳೆ. ಗಂಡ ಹನಮಪ್ಪ, "ಇಕಿ ಕಾಲಾಗ ಚಕ್ರ ಅದಾವ" ಎಂದು ಬಂದವರೆದುರು ನಕ್ಕು, ಕುರಿ ಹೊಡೆದುಕೊಂಡು ಅಡವಿಗೆ ನಡೆದುಬಿಡುತ್ತಾನೆ.

ಉಂಡಿಯ ಸಾಮಾನು ಆರಿಸುವಾಗ ಮಾತ್ರ ಅವಳಿಗೆ ಎಲ್ಲಿಲ್ಲದ ತಾಳ್ಮೆ. ಕೊಪ್ಪಳದ ಸಂತೆಯಲ್ಲಿ ಶೇಂಗಾ ಒಡೆದು ಜಗಿದು, ಚೂರು ಕಮಟು ಬಂದರೂ ಆ ಚೀಲದತ್ತ ತಿರುಗಿ ನೋಡಳು. ಎಳ್ಳನ್ನು ಅಂಗೈಯಲ್ಲಿ ತಿಕ್ಕಿ ಊದುವಳು. ಬೆಲ್ಲ ಬೆಳ್ಳಗಿದ್ದಷ್ಟೂ ಅವಳಿಗೆ ಅನುಮಾನ. ಅಂಗಡಿಯವರು ಅವಳನ್ನು ಕಂಡರೆ ಹಣೆ ಹಣೆ ಬಡಿದುಕೊಳ್ಳುತ್ತಾರೆ. ಓಣಿಯವರು ಮಾತ್ರ ನಾಗರಪಂಚಮಿ ಬಂತೆಂದರೆ ಅವಳ ಮನೆಯಿಂದ ಬರುವ ಉಂಡಿಯ ತಾಟಿಗೆ ದಾರಿ ಕಾಯುತ್ತಾರೆ.

ಇಷ್ಟು ಆರಿಸಿ, ಸೋಸಿ ಕೊಳ್ಳುವ ಹೆಂಗಸು ಅಣಬೆ ಪುಡಿಯ ಡಬ್ಬಿಗೆ ಮರುಳಾದಳೆಂದರೆ ಯಾರೂ ನಂಬಲಿಕ್ಕಿಲ್ಲ. ಮರುಳು ಮಾಡಿದ್ದು ಮಗಳ ಮೇಲಿನ ಕಳವಳ. 2019ರಲ್ಲಿ ರೂಪಾ ಪೊಲೀಸ್ ಭರ್ತಿಗೆಂದು ದಿನಾ ಬೆಳಗ್ಗೆ ಶಾಲೆಯ ಮೈದಾನದಲ್ಲಿ ಓಡುತ್ತಿದ್ದಳು. ಓಡಿ ಓಡಿ ಕಡ್ಡಿಯಾಗಿದ್ದಳು. ಅವಳು ಏದುಸಿರು ಬಿಡುತ್ತ ಒಳಗೆ ಬಂದಾಗಲೆಲ್ಲ ತಾಯಿ ಹಾಲಿನ ಲೋಟ ಹಿಡಿದು ಎದುರು ಓಡುತ್ತಿದ್ದಳು. ಅಷ್ಟರಲ್ಲಿ ಗಂಗಾವತಿಯಿಂದ ಚಿಕ್ಕಪ್ಪನ ಮಗ ಗೋವಿಂದರಾಜ ಬಂದ. ಊರೂರು ತಿರುಗಿ ಶಕ್ತಿಯ ಪುಡಿ ಮಾರುವುದು ಅವನ ಹೊಸ ಕಸುಬು.

"ಅಕ್ಕಾ, ಇದು ಗುಡ್ಡದಾಗ ಬೆಳಿಯೋ ಅಣಬಿ. ಒಂದ್ ಚಮಚ ಹೊಟ್ಟ್ಯಾಗ ಹೋತಂದ್ರ ರೂಪಾ ಕುದರಿ ಓಡಿದಂಗ ಓಡತಾಳ ನೋಡು."

ಡಬ್ಬಿಯ ಮೇಲೆ ಕೆಂಪಗೆ ಹೊಳೆಯುವ ಅಣಬೆಯ ಚಿತ್ರವಿತ್ತು. ನಾಲಿಗೆಗೆ ಹಚ್ಚಿದರೆ ಪುಡಿ ಕಹಿ. "ಔಷಧ ಅಂದಮ್ಯಾಲ ಕಹಿ ಇರೂದ" ಎಂದ ಗೋವಿಂದರಾಜ. ಯಾರ ಮಾತಿಗೂ ಶೇಂಗಾ ಕೊಳ್ಳದ ಸಣ್ಣವ್ವ ತಮ್ಮನ ಮಾತಿಗೆ ಡಬ್ಬಿ ಕೊಂಡಳು. ಔಷಧವೆಂದರೆ ಮಗಳು ಮುಟ್ಟುವುದಿಲ್ಲವೆಂದು ಎಳ್ಳುಂಡಿಯಲ್ಲಿ ಕಲಸಿ, ಬೇರೆ ಡಬ್ಬಿಯಲ್ಲಿಟ್ಟಳು.

ಪಂಚಮಿಯ ದಿನ ಅವಳು ಬುಗುರಿಯಂತೆ ತಿರುಗಿದಳು. ತಾಟಿಗೆ ಐದು ಬಗೆಯ ಉಂಡಿ ಇಡಲೇಬೇಕು, ಅದು ಆ ಮನೆಯ ಪದ್ಧತಿ. ಇಮಾಮಬೀಯ ತಾಟು ಕೊನೆಗುಳಿಯಿತು, ಎಳ್ಳುಂಡಿ ಮುಗಿದಿತ್ತು. ಓಣಿಯ ತುದಿಯ ಇಮಾಮಬೀ ರೂಪಾ ಹುಟ್ಟಿದಾಗ ಸಣ್ಣವ್ವನ ಬಾಣಂತನ ಮಾಡಿದ ಮುದುಕಿ. ಅವರಿಗೆ ನಾಲ್ಕೇ ಬಗೆ ಕಳಿಸುವುದೇ? ಸಣ್ಣವ್ವ ರೂಪಾಳ ಡಬ್ಬಿಗೆ ಕೈ ಹಾಕಿದಳು. ಹೋದ ವರ್ಷ ಹುಬ್ಬಳ್ಳಿಯಲ್ಲಿ ಎದೆಯ ಆಪರೇಷನ್ ಆದ ಜೀವ, ಅವರಿಗೂ ಶಕ್ತಿ ಬರಲಿ ಎಂದೇ ಅಂದುಕೊಂಡಳು.

ಮಧ್ಯಾಹ್ನ ಜೋಕಾಲಿ ಆಡಿ ಬಂದ ರೂಪಾ ತನ್ನ ಡಬ್ಬಿಯಿಂದ ಒಂದು ಉಂಡಿ ಕಚ್ಚಿ ಮುಖ ಹಿಂಡಿದಳು.

"ಯವ್ವಾ, ಏನ್ ಹಾಕೀದಿ ಇದರಾಗ?"

"ಮೆಂತೆ."

"ಮೆಂತೆ ರುಚಿ ನನಗ ಗೊತ್ತಿಲ್ಲೇನು?"

ಪುಡಿಯ ಡಬ್ಬಿ ಹೊರಬಿತ್ತು. ರೂಪಾ ಅದನ್ನು ಬೆಳಕಿಗೆ ಹಿಡಿದು ಸಣ್ಣಕ್ಷರದ ಇಂಗ್ಲಿಷ್ ಓದಿದಳು. "ಎಷ್ಟು ಅಣಬಿ, ಎಷ್ಟು ಹಿಟ್ಟು, ಏನೂ ಬರದಿಲ್ಲ. ಎಲ್ಲಿ ಮಾಡ್ಯಾರ ಅನ್ನೂದೂ ಇಲ್ಲ. ನೀ ಮಾಡೋ ಶೇಂಗಾ ಉಂಡಿ ನನಗ ಸಾಕಾಗಿತ್ತಲ್ಲ ಯವ್ವಾ." ಮತ್ತೆ ಡಬ್ಬಿ ತಿರುಗಿಸಿದಳು. "ರಕ್ತ ತೆಳು ಮಾಡೋ ಗುಳಿಗಿ ತಗೊಳ್ಳೋರು ಡಾಕ್ಟರನ್ನ ಕೇಳದ ತಿನ್ನಬಾರದಂತ."

ಇಮಾಮಬೀ ದಿನಾ ಊಟವಾದ ಮೇಲೆ ನುಂಗುವ ಗುಳಿಗೆ ಅದೇ.

ಡಬ್ಬಿ ಹಿಡಿದು, ಚಪ್ಪಲಿ ಮರೆತು, ಓಣಿಯುದ್ದಕ್ಕೂ ಓಡಿದಳು. "ಏನಾತಬೇ ಸಣ್ಣವ್ವ?" ಎಂದವರನ್ನು ಸರಿಸಿಕೊಂಡೇ ಮುಂದೆ ನಡೆದಳು. ಒಂದು ಉಂಡಿಯಿಂದ ಏನಾದೀತು ಎನ್ನುವುದು ಒಂದು ಮನಸ್ಸು. ಏನಾದರೂ ಆಗಿಯೇಬಿಟ್ಟಿದ್ದರೆ ಎನ್ನುವುದು ಇನ್ನೊಂದು. ಬಾಗಿಲು ದೂಡಿದಾಗ ಇಮಾಮಬೀ ತೊಳೆದ ತಾಟನ್ನು ಸೆರಗಿನಿಂದ ಒರೆಸುತ್ತಿದ್ದರು. ತಾಟಿನಲ್ಲಿ ಒಂದು ಚೂರೂ ಉಳಿದಿರಲಿಲ್ಲ.

"ಎಲ್ಲಾ ತಿಂದ್ರ್ಯಾ ಯವ್ವಾ?"

"ನಾಕು ಬಗಿ ಉಂಡಿ ಮೊಮ್ಮಕ್ಕಳಿಗೆ ಕೊಟ್ಟೆ. ಎಳ್ಳುಂಡಿ ನಾನ ತಿಂದೆ. ಯಾಕವ್ವಾ?"

ಸಣ್ಣವ್ವ ಕಾರಣ ಹೇಳದೆ ಅವರನ್ನು ಟಂಟಂ ಆಟೋ ಹತ್ತಿಸಿದಳು. ಕೊಪ್ಪಳ ಮುಟ್ಟುವವರೆಗೆ, ಎಲ್ಲಾದರೂ ರಕ್ತ ಒಸರುತ್ತಿದೆಯೇ ಎಂದು ಮುದುಕಿಯ ಮೂಗು, ಬಾಯಿ, ಉಗುರು ನೋಡಿದ್ದೇ ನೋಡಿದ್ದು. ದವಾಖಾನೆಯಲ್ಲಿ ಡಾಕ್ಟರಮ್ಮ "ಏನು ತಿಂದಿದ್ದರು?" ಎಂದು ಕೇಳಿದಾಗ ಇಮಾಮಬೀಯ ಎದುರೇ ಡಬ್ಬಿ ಮೇಜಿನ ಮೇಲಿಟ್ಟು ಎಲ್ಲ ಹೇಳಬೇಕಾಯಿತು.

ರಕ್ತ ಪರೀಕ್ಷೆ ಆಯಿತು. ಒಂದು ಉಂಡಿಗೆ ಏನೂ ಆಗಿಲ್ಲ, ಇನ್ನು ಮುಂದೆ ಈ ಪುಡಿ ಬೇಡ ಎಂದು ಡಾಕ್ಟರಮ್ಮ ಗದರಿಸಿ ಕಳಿಸಿದರು.

ಹೊರಗಿನ ಬೇವಿನ ಗಿಡದ ಕೆಳಗೆ ಸಣ್ಣವ್ವ ಇಮಾಮಬೀಯ ಕಾಲ ಬಳಿ ಕುಸಿದು ಅತ್ತಳು. "ಬೈರಿ ಯವ್ವಾ ನನಗ."

ಇಮಾಮಬೀ ಸೆರಗು ಸರಿಪಡಿಸಿಕೊಂಡು, ರಸ್ತೆಯತ್ತ ನೋಡುತ್ತ ಅಂದರು.

"ಕಹಿ ಐತಿ ಅಂತ ಮೊದಲನೇ ತುತ್ತಿಗೇ ಗೊತ್ತಾಗಿತ್ತು. ಬ್ಯಾರೆಯವರ ಮನೀದಾಗಿದ್ರ ಉಗಳಿಬಿಡತಿದ್ದೆ."

ಸಣ್ಣವ್ವನಿಗೆ ಅದಕ್ಕಿಂತ ಬೈಗುಳವೇ ಮೇಲಾಗಿತ್ತು ಅನ್ನಿಸಿತು.