ಗೇಟಿನಿಂದ ಗುಡಿಸುತ್ತಾ ಬರುವ ಹೊಂಬಾಳಮ್ಮ

ಎರಡು ಸಲ ಪೊರಕೆ ಬೀಸಿ ಹೊಂಬಾಳಮ್ಮ ನಿಲ್ಲುತ್ತಾರೆ. ಬಲಗಿವಿಯನ್ನು ಕಟ್ಟಡದ ಕಡೆ ತಿರುಗಿಸುತ್ತಾರೆ. ಏನೂ ಕೇಳಿಸುವುದಿಲ್ಲ. ಮತ್ತೆ ಎರಡು ಸಲ ಬೀಸುತ್ತಾರೆ. ಗೇಟಿನ ಬಳಿ ಬಿದ್ದಿರುವುದು ಒಂದಿಷ್ಟು ಹೊಂಗೆ ಎಲೆ, ಅಷ್ಟೆ. ಅದಕ್ಕೆ ಇಷ್ಟು ಹೊತ್ತು ಬೇಕಿಲ್ಲ. ಆದರೂ ಅವಸರವಿಲ್ಲ. ಕಡ್ಡಿ ಪೊರಕೆ ಮಣ್ಣಿನ ಮೇಲೆ ಅರ್ಧ ಚಂದ್ರಗಳನ್ನು ಬಿಡಿಸುತ್ತಾ ಹೆಜ್ಜೆ ಹೆಜ್ಜೆಯಾಗಿ ಮುಂದೆ ಬರುತ್ತದೆ. ನೀರಿನ ತೊಟ್ಟಿ ದಾಟಿದಾಗ ಒಳಗೆ ಯಾರೋ ಕೆಮ್ಮುತ್ತಾರೆ. ಹುಣಸೆ ಮರ ದಾಟಿದಾಗ ಮಂಚವೊಂದು ಕಿರುಗುಟ್ಟುತ್ತದೆ. ಮೊದಲ ಕಿಟಕಿಯ ಕೆಳಗೆ ಬರುವಷ್ಟರಲ್ಲಿ ಬೆಳಕು ಬೂದುಬಣ್ಣಕ್ಕೆ ತಿರುಗಿದೆ.

"ಎದ್ದಿದೀನಕ್ಕ," ಎನ್ನುತ್ತದೆ ಒಳಗಿನಿಂದ ಒಂದು ದನಿ.

"ಎದ್ದಿದ್ರೆ ಸುಮ್ನಿರಪ್ಪ. ಪಕ್ಕದೋರು ಇನ್ನೂ ಮಲಗವ್ರೆ."

ಇದು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯ ಆಚೆ, ಹಿಂದೆ ಕೋಳಿ ಫಾರಂ ಆಗಿದ್ದ ಒಂದು ಉದ್ದನೆಯ ಶೆಡ್ಡು. ಮಾಜಿ ಸೈನಿಕರ ಒಂದು ಟ್ರಸ್ಟ್ ಇಲ್ಲಿ ಹತ್ತು ದಿನಗಳ ಧ್ಯಾನ ಶಿಬಿರ ನಡೆಸುತ್ತದೆ. ಬರುವವರು ಗಡಿಯಿಂದ ವಾಪಸು ಬಂದವರು, ಆದರೆ ನಿದ್ದೆ ವಾಪಸು ಬಾರದವರು. ಪಟಾಕಿ ಸದ್ದಿಗೆ ಬೆವರುವವರು, ಸಂತೆಯಲ್ಲಿ ಗೋಡೆಗೆ ಬೆನ್ನು ಕೊಟ್ಟೇ ನಿಲ್ಲುವವರು. ಇಲ್ಲಿ ಕಣ್ಣು ಮುಚ್ಚಿ ಕೂತು ಉಸಿರು ಹೋಗಿ ಬರುವುದನ್ನು ಗಮನಿಸುತ್ತಾರೆ. ಕೇಳುವುದಕ್ಕೆ ಸುಲಭ. ಕಣ್ಣು ಮುಚ್ಚುವುದೇ ಕಷ್ಟವಾದವರಿಗೆ ಅಲ್ಲ.

ಧ್ಯಾನ ಶಿಬಿರ ಎಂದರೆ ಬೆಳಗ್ಗೆ ಗಂಟೆ. ಇಲ್ಲೂ ಮೊದಲ ಶಿಬಿರದಲ್ಲಿ ಹಿತ್ತಾಳೆ ಗಂಟೆಯೊಂದಿತ್ತು. ಅದನ್ನು ಬಾರಿಸಿದ ಮೊದಲ ಬೆಳಗ್ಗೆಯೇ ಮೂವರು ಮಂಚದ ಕೆಳಗೆ ನುಗ್ಗಿದರು, ಒಬ್ಬರ ಹಲ್ಲು ಮುರಿಯಿತು. ಮಾರನೆಯ ದಿನ ಭುಜ ಮುಟ್ಟಿ ಎಬ್ಬಿಸಲು ಹೋದ ಸ್ವಯಂಸೇವಕನ ಕುತ್ತಿಗೆಗೆ ಕೈ ಬಂತು. ಕೊಳಲಿನ ರೆಕಾರ್ಡಿಂಗ್ ಹಾಕಿದರೆ, ಆಸ್ಪತ್ರೆಯಲ್ಲಿ ಇದನ್ನೇ ಹಾಕುತ್ತಿದ್ದರು, ನಿಲ್ಲಿಸಿ ಎಂದು ಒಬ್ಬರು ಕೂಗಿದರು. ಎಬ್ಬಿಸುವುದು ಹೇಗೆಂದು ಎಲ್ಲರೂ ತಲೆ ಕೆಡಿಸಿಕೊಂಡಿದ್ದಾಗ, ಕಸ ತೆಗೆಯಲು ಹೊಸದಾಗಿ ಸೇರಿದ್ದ ಹೊಂಬಾಳಮ್ಮ ಮನೆಯಲ್ಲಿ ಮಾಡುವಂತೆಯೇ ಗೇಟಿನಿಂದ ಅಂಗಳ ಗುಡಿಸಿಕೊಂಡು ಬಂದರು. ಶೆಡ್ಡಿನಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ, ತಮ್ಮ ಪಾಡಿಗೆ ಎದ್ದು ಕೂತಿದ್ದರು.

"ನಾನೇನೂ ಮಾಡ್ಲಿಲ್ಲ. ಕಸ ಇತ್ತು, ಗುಡಿಸ್ದೆ," ಎನ್ನುತ್ತಾರೆ ಅವರು. ಆ ಸದ್ದಿಗೆ ಯಾಕೆ ಯಾರೂ ಬೆಚ್ಚುವುದಿಲ್ಲ ಎಂದು ಕೇಳಿದರೆ ನಗುತ್ತಾರೆ. "ಕಳ್ಳ ಎಲ್ಲಾದ್ರೂ ಗುಡಿಸ್ಕೊಂಡ್ ಬರ್ತಾನೇನ್ರೀ?"

ಹೊಂಬಾಳಮ್ಮನಿಗೆ ಸದ್ದಿನ ಜೊತೆ ಹಳೆಯ ಜಗಳವಿದೆ. ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ, ತಗಡು ಒತ್ತುವ ಪ್ರೆಸ್ಸುಗಳ ನಡುವೆ, ವರ್ಷಗಟ್ಟಲೆ ಕಬ್ಬಿಣದ ಚೂರು ಗುಡಿಸಿದವರು. ಎಡಗಿವಿ ಅಲ್ಲೇ ಹೋಯಿತು. "ಕೆಲ್ಸ ಬಿಟ್ ಮೇಲೂ ಒಂದ್ ವರ್ಷ ಕಿವಿ ಒಳಗೆ ಮಿಷನ್ ಓಡ್ತಾನೇ ಇತ್ತು. ಮಲಗಿದ್ರೆ ಧಡ್ ಧಡ್. ಗಂಡ ಎದುರ್ಗೇ ನಿಂತು ಏನೋ ಹೇಳ್ತಿದ್ರೆ ಅವ್ರ ಬಾಯಷ್ಟೇ ಕಾಣೋದು. ಯಾರಿಗೇಳಾನಾ? ನಿಂಗೆ ಹುಚ್ಚು ಕಣೇ ಅನ್ನೋರು." ಗಂಡ ಈಗಿಲ್ಲ. ಮಗಳು ತುಮಕೂರಿನಲ್ಲಿದ್ದಾಳೆ. ಶಿಬಿರದ ದಿನಗಳಲ್ಲಿ ಅವರು ಅಡುಗೆಮನೆ ಪಕ್ಕದ ಕೋಣೆಯಲ್ಲೇ ಉಳಿಯುತ್ತಾರೆ. ಗುಡಿಸಿ, ಒಲೆ ಹಚ್ಚಿ, ಹದಿನಾಲ್ಕು ಜನಕ್ಕೆ ಮುದ್ದೆ ಕಟ್ಟುತ್ತಾರೆ. ಕುಕ್ಕರ್ ಇಲ್ಲ, ಅದರ ಕೂಗು ಬೇಡ ಎಂದು ಬೇಳೆಯನ್ನು ಪಾತ್ರೆಯಲ್ಲೇ ಬೇಯಿಸುತ್ತಾರೆ.

ಈ ಸಲ ಅವರ ಕಣ್ಣು ಒಬ್ಬರ ಮೇಲಿದೆ. ಮೊದಲ ಕಿಟಕಿಯ ಪಕ್ಕದ ಮಂಚದ ಅಡವಿಯಪ್ಪ. ಚೇಳೂರಿನವರು. ಎರಡು ಸಲ ಬಂದು ಎರಡು ಸಲವೂ ಅರ್ಧಕ್ಕೇ ಎದ್ದುಹೋದವರು. ಒಮ್ಮೆ ನಿದ್ದೆಗಣ್ಣಲ್ಲಿ ಪಕ್ಕದಲ್ಲಿದ್ದ ಹೆಂಡತಿಯ ಮಣಿಕಟ್ಟು ತಿರುಚಿದ್ದಾರೆ. ಬೆಳಗ್ಗೆ ಏಳುವವರೆಗೆ ಅವರಿಗೇ ಗೊತ್ತಿಲ್ಲ. ಅವತ್ತಿನಿಂದ ಹೆಂಡತಿ ಮಂಗಳಗೌರಿ ಬೇರೆ ಕೋಣೆಯಲ್ಲಿ, ಚಿಲಕ ಹಾಕಿಕೊಂಡು ಮಲಗುತ್ತಾರೆ. ಈ ಸಲ ಗಂಡನನ್ನು ಬಿಡಲು ಬಂದಾಗ ಗೇಟಿನಲ್ಲಿ ಹೊಂಬಾಳಮ್ಮನ ಕೈ ಹಿಡಿದು ಹೇಳಿಹೋಗಿದ್ದಾರೆ: "ಇದೇ ಕೊನೆ ಅಕ್ಕ. ಈ ಸಲನೂ ಅರ್ಧಕ್ಕೇ ಎದ್ ಬಂದ್ರೆ ನಾನು ಗುಬ್ಬಿಗೆ, ನಮ್ಮಣ್ಣನ ಮನೆಗೆ ಹೊರಟೋಯ್ತೀನಿ. ಕೋಪಕ್ಕಲ್ಲ. ನಂಗೂ ನಿದ್ದೆ ಬೇಕಲ್ವಾ?"

ಮೂರು ದಿನ ಅಡವಿಯಪ್ಪ, ಬೆಳಗ್ಗೆ ಕಿಟಕಿಯಿಂದ "ಎದ್ದಿದೀನಕ್ಕ" ಎನ್ನುವುದು ಬಿಟ್ಟರೆ, ಯಾರೊಂದಿಗೂ ಮಾತಾಡುವುದಿಲ್ಲ. ನಾಲ್ಕನೆಯ ದಿನ ಊಟದ ಹೊತ್ತಿಗೆ ಶಿಕ್ಷಕ ಉದಯಕುಮಾರ್ ಒಂದು ಹೊಸ ಅಭ್ಯಾಸ ಹೇಳಿಕೊಡುತ್ತಾರೆ: ಬಾಯಿಗಿಟ್ಟ ಪ್ರತಿ ತುತ್ತನ್ನೂ ಕಣ್ಣು ಮುಚ್ಚಿ, ನಿಧಾನವಾಗಿ, ಚೆನ್ನಾಗಿ ಅಗಿಯಬೇಕು. ಬೇರೆ ಊರುಗಳಲ್ಲಿ ಇದನ್ನು ಅವರು ಒಣದ್ರಾಕ್ಷಿಯಲ್ಲಿ ಮಾಡಿಸುತ್ತಾರಂತೆ. ಅವತ್ತು ತಟ್ಟೆಯಲ್ಲಿರುವುದು ಮುದ್ದೆ ಮತ್ತು ಬಸ್ಸಾರು. ಸೈನಿಕರು ಆಜ್ಞೆ ಪಾಲಿಸುವವರು. ಹದಿನಾಲ್ಕು ಜನ ಕಣ್ಣು ಮುಚ್ಚಿ ಮುದ್ದೆ ಅಗಿಯುತ್ತಾರೆ. ಮುದ್ದೆ ಹಲ್ಲಿಗೆ, ಅಂಗುಳಿಗೆ ಅಂಟುತ್ತದೆ.

ಸೌಟು ಹಿಡಿದು ಬಂದ ಹೊಂಬಾಳಮ್ಮ ಬಾಗಿಲಲ್ಲೇ ನಿಲ್ಲುತ್ತಾರೆ. "ಅಯ್ಯೋ! ಮುದ್ದೆ ಯಾರಾದ್ರೂ ಅಗೀತಾರೇನ್ರಪ್ಪಾ?"

ಉದಯಕುಮಾರ್ ಉತ್ತರ ಕೊಡಲು ನೋಡುತ್ತಾರೆ. ಅವರ ಬಾಯಿಯೂ ಅಂಟಿಕೊಂಡಿದೆ. ಮೊದಲು ನಕ್ಕವರು ಅಡವಿಯಪ್ಪ. ನಕ್ಕು ನೆತ್ತಿಗೆ ಹತ್ತಿ, ನೀರು ಕುಡಿದು ಮತ್ತೆ ನಗುತ್ತಾರೆ. "ಈವಯ್ಯಂಗೆ ನಗು ಬತ್ತದೆ ಕಣ್ರೋ!" ಎಂದು ಚಿಕ್ಕಹನುಮಯ್ಯ ಪಕ್ಕದವರ ಬೆನ್ನಿಗೆ ಗುದ್ದುತ್ತಾರೆ.

ಮಾರನೆಯ ದಿನ ಹೊಂಬಾಳಮ್ಮ ಕಿವಿ ತೋರಿಸಲು ತುಮಕೂರಿಗೆ ಹೋಗಿ ಮಗಳ ಮನೆಯಲ್ಲಿ ಉಳಿಯುತ್ತಾರೆ. ನಾಳೆ ಬೆಳಗ್ಗೆ ಯಾರೂ ಯಾರನ್ನೂ ಎಬ್ಬಿಸುವುದು ಬೇಡ, ಎಚ್ಚರವಾದಾಗ ಏಳಿ ಎಂದು ಉದಯಕುಮಾರ್ ಹೇಳಿರುತ್ತಾರೆ. ಆದರೆ ಮರುದಿನ ಬೆಳಗ್ಗೆ ಶಿಬಿರದ ಇಬ್ಬರು, ಮಹಾಲಿಂಗಯ್ಯ ಮತ್ತು ಚಿಕ್ಕಹನುಮಯ್ಯ, ಬೇಗ ಏಳುತ್ತಾರೆ. ಅಕ್ಕ ಬರುವಷ್ಟರಲ್ಲಿ ಅಂಗಳ ಗುಡಿಸಿಡೋಣ ಎಂದುಕೊಳ್ಳುತ್ತಾರೆ. ಒಳ್ಳೆಯ ಮನಸ್ಸು. ಗುಡಿಸುವುದು ಮಾತ್ರ ಬ್ಯಾರಕ್ಕಿನಲ್ಲಿ ಕಲಿತ ರೀತಿ: ಬಾಗಿಲಿನಿಂದ ಶುರು, ಹೊರಕ್ಕೆ, ಇಬ್ಬರೂ ಒಂದೇ ತಾಳಕ್ಕೆ, ಜೋರಾಗಿ.

ಮೊದಲ ಬೀಸು ಬೀಳುವುದು ಅಡವಿಯಪ್ಪನ ತಲೆಯ ಹತ್ತಿರ, ಬಾಗಿಲ ಪಕ್ಕದ ಕಿಟಕಿಯ ಕೆಳಗೇ.

ಒಳಗೆ ಮಂಚ ಉರುಳುತ್ತದೆ. ಅಡವಿಯಪ್ಪ ಅದರ ಹಿಂದೆ ಅವಿತಿದ್ದಾರೆ. ಸಮಾಧಾನ ಮಾಡಲು ಹತ್ತಿರ ಹೋದ ಪಕ್ಕದ ಮಂಚದವರನ್ನು ನೂಕುತ್ತಾರೆ; ಆ ರಭಸಕ್ಕೆ ಪಕ್ಕದವರ ತಲೆ ಗೋಡೆಗೆ ತಾಗುತ್ತದೆ. ದೊಡ್ಡ ಪೆಟ್ಟಲ್ಲ, ಹಣೆ ಊದಿದೆ. ಅಡವಿಯಪ್ಪ ಆ ಹಣೆಯನ್ನು ನೋಡುತ್ತಾರೆ, ತಮ್ಮ ಕೈಗಳನ್ನು ನೋಡುತ್ತಾರೆ, ಬ್ಯಾಗು ತುಂಬುತ್ತಾರೆ.

"ತಪ್ಪಾಯ್ತು ಕಣಯ್ಯಾ," ಎಂದು ಮಹಾಲಿಂಗಯ್ಯ ಗೇಟಿನವರೆಗೂ ಹಿಂದೆ ಬರುತ್ತಾರೆ. "ಅಕ್ಕಂಗೆ ಸಹಾಯ ಆಗ್ಲಿ ಅಂತ…"

"ನೀನ್ ಗುಡಿಸಿದ್ದು ತಪ್ಪಲ್ಲ ಬುಡು. ನಾನು ಇಲ್ಲಿ ಇರೋದು ತಪ್ಪು."

ಇಲ್ಲಿ ಯಾರನ್ನೂ ಬಲವಂತವಾಗಿ ಉಳಿಸಿಕೊಳ್ಳುವುದಿಲ್ಲ. ಉದಯಕುಮಾರ್ ಪಕ್ಕದಲ್ಲಿ ಕೂತು ಕುಣಿಗಲ್‌ನಿಂದ ವ್ಯಾನ್ ಕಳಿಸಲು ಫೋನ್ ಮಾಡುತ್ತಾರೆ.

ವ್ಯಾನಿಗಿಂತ ಮೊದಲು ಆಟೋ ಬರುತ್ತದೆ. ಇಳಿದ ಹೊಂಬಾಳಮ್ಮ ಗೇಟಿನ ಮೋರಿಕಟ್ಟೆಯ ಮೇಲೆ ಬ್ಯಾಗು ತಬ್ಬಿಕೊಂಡು ಕೂತ ಅಡವಿಯಪ್ಪನನ್ನೂ, ಆಚೆ ತಲೆ ತಗ್ಗಿಸಿ ನಿಂತ ಮಹಾಲಿಂಗಯ್ಯನವರನ್ನೂ ನೋಡುತ್ತಾರೆ. ನಡೆದದ್ದು ಕೇಳಿಕೊಳ್ಳುತ್ತಾರೆ.

"ಎಲ್ಲಿಂದ ಶುರು ಮಾಡಿದ್ರಿ?"

"ಬಾಗ್ಲಿಂದ, ಅಕ್ಕ."

"ಥೂ ನಿಮ್ಮ. ಮನೇಲಿ ಒಂದಿನಾನೂ ಪರಕೆ ಹಿಡ್ದಿಲ್ವಾ?"

ಅಡವಿಯಪ್ಪನಿಗೆ ಅವರು ಬುದ್ಧಿ ಹೇಳುವುದಿಲ್ಲ, ಇರು ಎಂದೂ ಅನ್ನುವುದಿಲ್ಲ. ಪೊರಕೆ ತಂದು ಕಟ್ಟೆಯ ಮುಂದೆ ನಿಲ್ಲುತ್ತಾರೆ. "ಕಾಲೆತ್ತಪ್ಪ."

"ಗುಡಿಸಾಗೈತಲ್ಲಕ್ಕ."

"ಉಲ್ಟಾ ಗುಡಿಸವ್ರೆ. ತಿರ್ಗಾ ಗುಡಿಸ್ಬೇಕು. ವ್ಯಾನ್ ಬರೋಗಂಟ ಒಳಗೋಗಿ ಬಿದ್ಕೋ, ಇಲ್ಲಿ ಅಡ್ಡ ಕೂರ್ಬೇಡ."

ಅಡವಿಯಪ್ಪ ಎದ್ದು ಹೋಗುತ್ತಾರೆ. ಯಾರೋ ನೆಟ್ಟಗೆ ನಿಲ್ಲಿಸಿಟ್ಟ ಮಂಚದ ಮೇಲೆ ಬೂಟು ಹಾಕಿಕೊಂಡೇ ಮಲಗುತ್ತಾರೆ. ಗೇಟಿನ ಬಳಿ ಎರಡು ಬೀಸು. ನಿಲುಗಡೆ. ಮತ್ತೆ ಎರಡು ಬೀಸು. ಅಂಗಳದಲ್ಲಿ ಒಂದೇ ಒಂದು ಎಲೆ ಇಲ್ಲ. ಎದುರು ಬಿಸಿಲಿನಲ್ಲಿ, ಖಾಲಿ ಮಣ್ಣನ್ನು ಹೊಂಬಾಳಮ್ಮ ಎಂದಿನ ನಿಧಾನದಲ್ಲೇ ಗುಡಿಸುತ್ತಾರೆ. ತೊಟ್ಟಿ, ಹುಣಸೆ ಮರ, ಮೊದಲ ಕಿಟಕಿ. ಒಳಗಿನಿಂದ ದನಿ ಇಲ್ಲ. ಇಣುಕುತ್ತಾರೆ. ಅಡವಿಯಪ್ಪ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾರೆ.

ಪೊರಕೆಯನ್ನು ನೆಲಕ್ಕೆ ಇಡುವುದೂ ಸದ್ದಾದೀತೆಂದು ಕಂಕುಳಲ್ಲಿ ಸಿಕ್ಕಿಸಿಕೊಂಡು, ಅವರು ಗೇಟಿಗೆ ವಾಪಸು ನಡೆದು, ಆಗಷ್ಟೇ ಬಂದ ವ್ಯಾನಿಗೆ ಅಡ್ಡ ನಿಲ್ಲುತ್ತಾರೆ. ಹಾರನ್ ಮುಟ್ಟಕೂಡದು ಎಂದು ಡ್ರೈವರಿಗೆ ಕೈಸನ್ನೆ. ಆಮೇಲೆ ಅವನಿಗೆ ಊಟಕ್ಕೆ ಹಾಕಿ, ಅಡುಗೆಮನೆಯ ಹೊಸ್ತಿಲ ಮೇಲೆ ಕೂರುತ್ತಾರೆ.

"ಮಂಗಳಗೌರಿಗೊಂದು ಫೋನ್ ಮಾಡಾನಾ ಅನ್ಸುತ್ತೆ," ಎನ್ನುತ್ತಾರೆ. "ಬೇಡ. ಎದ್ ಮೇಲೆ ಏನಂತಾನೋ. ಆಸೆ ಇಟ್ಕೊಂಡು ಎಷ್ಟ್ ಸಲ ಅಂತ ಬಾಗ್ಲು ನೋಡ್ತಾಳೆ ಆ ಯಮ್ಮ?"

ಮಧ್ಯಾಹ್ನದ ಧ್ಯಾನ ಮುಗಿದು ಎಲ್ಲರೂ ಹೊರಗೆ ಬಂದ ಮೇಲೆ ಅಡವಿಯಪ್ಪ ಏಳುತ್ತಾರೆ. ತೊಟ್ಟಿಯ ಬಳಿ ಮುಖ ತೊಳೆಯುತ್ತಾರೆ. ಒಂದು ಕೆನ್ನೆಯ ಮೇಲೆ ದಿಂಬಿನ ಗೆರೆ ಹಾಗೇ ಇದೆ. ಹಣೆ ಊದಿದವರ ಹತ್ತಿರ ಹೋಗಿ, ಏನೋ ಹೇಳಿ, ಕೈ ಮುಗಿಯುತ್ತಾರೆ. ಅವರು ಇವರ ಕೈ ಹಿಡಿದು ಕೆಳಗಿಳಿಸುತ್ತಾರೆ.

ಹೊಂಬಾಳಮ್ಮ ಹೊಸ್ತಿಲಿನಿಂದ ಎದ್ದು ನಿಂತಿದ್ದಾರೆ. ಉದಯಕುಮಾರ್ ನಿಧಾನವಾಗಿ ಎದುರಿನಿಂದ ಬರುತ್ತಾರೆ.

"ವ್ಯಾನ್ ಕಾಯ್ತಿದೆ ಅಡವಿಯಪ್ಪನೋರೆ. ಬ್ಯಾಗ್ ಹಾಕಿಸಿದೀನಿ. ಚೇಳೂರಲ್ಲಿ ಮನೆ ಬಾಗ್ಲಿಗೇ ಬಿಡ್ತಾರೆ. ಬೇಕಿದ್ರೆ ನಾನೂ ಜೊತೆಗೆ ಬರ್ತೀನಿ."

ಅಡವಿಯಪ್ಪ ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತಾರೆ.

"ಬ್ಯಾಗ್ ಇಳ್ಸಿ ಸಾರ್. ನಾನ್ ಹೋಗಲ್ಲ."